ತೊಗಟೆ ಹೇನಿನ ಹೆಸರು ತಿಳಿಯಬೇಕಾದರೆ ಅದನ್ನು ಸಾಕಬೇಕು

ಜುಲೈ ತಿಂಗಳ ಒಂದು ಬೆಳಿಗ್ಗೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮಳೆ ಸ್ವಲ್ಪ ಹೊಳವಾಗಿತ್ತು. ಹಲಸಿನ ಮರದ ಕಾಂಡದಲ್ಲಿ, ನನ್ನ ಎದೆಯೆತ್ತರಕ್ಕೆ, ಅಂಗೈಯಗಲದ ಒಂದು ಕಪ್ಪು ಮಚ್ಚೆ ಕಂಡಿತು. ಬೂಸ್ಟು ಇರಬೇಕು ಅಂದುಕೊಂಡು ಬೆರಳು ಹತ್ತಿರ ತಂದೆ. ಮಚ್ಚೆ ಒಡೆದು ನೂರಾರು ಚುಕ್ಕಿಗಳಾಗಿ ನಾಲ್ಕೂ ಕಡೆ ಹರಿದುಹೋಯಿತು. ಕೈ ಹಿಂದಕ್ಕೆ ತೆಗೆದು ಸುಮ್ನೆ ನಿಂತೆ. ಸ್ವಲ್ಪ ಹೊತ್ತಿಗೆ ಚುಕ್ಕಿಗಳು ಒಂದೊಂದಾಗಿ ವಾಪಸ್ ಬಂದವು. ಮೈಗೆ ಮೈ ತಾಗಿಸಿ ನಿಂತವು. ಮತ್ತೆ ಅದೇ ಮಚ್ಚೆ.

ಪಕ್ಕದ ತೋಟದ ಅಣ್ಣ ಬೇಲಿಯಾಚೆಯಿಂದ ನೋಡುತ್ತಿದ್ದರು. "ಮರಕ್ಕೆ ಹೇನು ಬಿದ್ದಿದೆ ಮಾರಾಯ, ಏನಾದ್ರೂ ಹೊಡಿ" ಅಂದರು. "ಬೇಡ ಅಣ್ಣ, ಇದು ಮರ ತಿನ್ನೋದಲ್ಲ, ಮರದ ಮೇಲಿನ ಪಾಚಿ ತಿನ್ನೋದು" ಅಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಅವರ ತಪ್ಪಲ್ಲ. ಹೆಸರಿನಲ್ಲೇ ಹೇನು ಇದ್ದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಇಂಗ್ಲಿಷಿನಲ್ಲಿ ಇವಕ್ಕೆ ಬಾರ್ಕ್‌ಲೈಸ್ ಅನ್ನುತ್ತಾರೆ. ತೊಗಟೆ ಹೇನು. ನಮ್ಮ ರೈತರು ಹೇನು ಅನ್ನುವುದು ಎಲೆಯ ರಸ ಹೀರುವ ಸಸ್ಯಹೇನಿಗೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಸ್ಯಹೇನಿಗೆ ಸೂಜಿಯಂಥ ಬಾಯಿ, ಇದಕ್ಕೆ ಕೆರೆದು ತಿನ್ನುವ ದವಡೆ. ಗಿಡದ ರಸ ಇದಕ್ಕೆ ಬೇಕಿಲ್ಲ. ಪಾಚಿ, ಕಲ್ಲುಹೂವು, ಬೂಸ್ಟಿನ ಎಳೆ, ಮೇಲೆ ಬಿದ್ದ ಪರಾಗ, ಇಷ್ಟೇ ಇದರ ಊಟ. ಬ್ರಿಟನ್ನಿನ ಹವ್ಯಾಸಿಗಳು ಈ ಹೆಸರಿನ ತೊಂದರೆ ನೋಡಿಯೇ ಬಾರ್ಕ್‌ಫ್ಲೈ, ಅಂದರೆ ತೊಗಟೆ ನೊಣ ಅನ್ನುವ ಹೆಸರು ಬಳಕೆಗೆ ತಂದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಂಪಾಗಿ ಇರುವ ಒಂದು ಜಾತಿಗೆ ಜನ ಮರದ ದನ ಅನ್ನುತ್ತಾರೆ. ಸೆರಾಸ್ಟಿಪ್ಸೋಕಸ್ ವೆನೋಸಸ್ ಅದರ ಶಾಸ್ತ್ರೀಯ ಹೆಸರು. ನನಗೆ ಈ ಹೆಸರೇ ಹೆಚ್ಚು ಇಷ್ಟ. ನಮ್ಮ ಹಲಸಿನ ಮರದ ಮೇಲಿದ್ದದ್ದೂ ಮಂದೆಯೇ. ಮೇಯುತ್ತಾ, ಬೆದರಿದರೆ ಚೆದುರುತ್ತಾ, ಮತ್ತೆ ಕೂಡುತ್ತಾ ಇತ್ತು.

ಆದರೆ ಹೇನು ಅನ್ನುವ ಹೆಸರು ಪೂರ್ತಿ ಸುಳ್ಳೂ ಅಲ್ಲ. ನಮ್ಮ ತಲೆಯ ಹೇನು, ಕೋಳಿಯ ಹೇನು ಎಲ್ಲ ಇದೇ ವಂಶದಿಂದ ಕವಲೊಡೆದವು. ಹಳೆ ಪುಸ್ತಕದ ಹಾಳೆಗಳ ನಡುವೆ, ಮಳೆಗಾಲದ ರವೆ ಡಬ್ಬಿಯಲ್ಲಿ ಓಡಾಡುವ ಮಂಕು ಬಣ್ಣದ ಚುಕ್ಕಿ ನೋಡಿದ್ದೀರಲ್ಲ? ನಮ್ಮ ಮನೆಯಲ್ಲಿ ಅದನ್ನು ನುಸಿ ಅಂತಲೇ ಕರೆಯುತ್ತಿದ್ದರು. ಅದು ಪುಸ್ತಕ ಹೇನು, ತೊಗಟೆ ಹೇನಿನ ಒಳಮನೆಯ ನೆಂಟ. ತಲೆಹೇನಿಗೆ ಅತಿ ಹತ್ತಿರದ ಬಂಧು ಈ ಪುಸ್ತಕ ಹೇನಿನ ಮನೆತನವೇ. ಹಾಗಾಗಿ ಈಗ ಇವನ್ನೆಲ್ಲ ಸೇರಿಸಿ ಸೋಕೋಡಿಯಾ ಅನ್ನುವ ಒಂದೇ ಗಣದಲ್ಲಿ ಇಡುತ್ತಾರೆ. ಮೊದಲು ತೊಗಟೆ ಹೇನು ಮತ್ತು ಪುಸ್ತಕ ಹೇನುಗಳನ್ನು ಮಾತ್ರ ಸೇರಿಸಿ ಸೋಕಾಪ್ಟೆರಾ ಅನ್ನುತ್ತಿದ್ದರು. ಗ್ರೀಕ್‌ನಲ್ಲಿ ಅದರ ಮೊದಲ ಭಾಗಕ್ಕೆ ಉಜ್ಜು, ಅರೆ ಎಂಬ ಅರ್ಥ. ಪುಸ್ತಕ ಹೇನು ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ತೊಗಟೆ ಹೇನೂ ಅಷ್ಟೇ.

ಕೈಯಲ್ಲಿ ಹಿಡಿದಾಗ ಏನು ನೋಡಬೇಕು

ಹೆಚ್ಚಿನವು 1ರಿಂದ 6 ಮಿಲಿಮೀಟರ್ ಉದ್ದ ಇರುತ್ತವೆ. ಬರಿಗಣ್ಣಿಗೆ ಎಳ್ಳಿನ ಕಾಳು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕೇ ಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಲೂಪ್ ಆದರೂ ಸಾಕು. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಫೋಟೋದಲ್ಲಿ ನಿಧಾನವಾಗಿ ಎಣಿಸಬಹುದು.

ಮೊದಲು ಮುಖ ನೋಡಿ. ಹಣೆಯ ಕೆಳಗೆ, ಮೂಗು ಇರಬೇಕಾದ ಜಾಗದಲ್ಲಿ ಒಂದು ಗುಂಡನೆಯ ಉಬ್ಬು. ಪಕ್ಕದಿಂದ ನೋಡಿದರೆ ಕೆನ್ನೆ ತುಂಬಾ ಗಾಳಿ ತುಂಬಿಕೊಂಡ ಹಾಗಿರುತ್ತದೆ. ಸಣ್ಣ ಕೀಟಗಳಲ್ಲಿ ಇಂಥ ಮುಖ ಅಪರೂಪ. ಈ ಉಬ್ಬು ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಸಾಕುವ ಗುಟ್ಟೆಲ್ಲ ಅದರಲ್ಲೇ ಇದೆ.

ಆಮೇಲೆ ಮೀಸೆ. ದಾರದ ಹಾಗೆ ತೆಳು, ಉದ್ದ, ಸದಾ ಅಲುಗುತ್ತಿರುತ್ತದೆ. ಕೊನೆಗೆ ರೆಕ್ಕೆ. ಕೂತಾಗ ಎರಡೂ ಕಡೆಯ ರೆಕ್ಕೆಗಳು ಹೆಂಚಿನ ಮನೆಯ ಮಾಡಿನ ಹಾಗೆ ಇಳಿಜಾರಾಗಿ ಮೈ ಮುಚ್ಚುತ್ತವೆ. ಜಿಗಿಯುವ ಸಿಲ್ಲಿಡ್ ಕೀಟಗಳೂ ಹೀಗೇ ಕೂರುತ್ತವೆ. ಆದರೆ ಅವಕ್ಕೆ ಹೀರುವ ಕೊಳವೆ ಬಾಯಿ ಇರುತ್ತದೆ, ಮುಟ್ಟಿದರೆ ಚಂಗನೆ ಹಾರುತ್ತವೆ. ತೊಗಟೆ ಹೇನು ಮುಟ್ಟಿದರೆ ಓಡುತ್ತದೆ. ಸ್ವಲ್ಪ ಓಡಿ, ಗಕ್ಕನೆ ನಿಂತು, ಮತ್ತೆ ಓಡಿ, ರೆಂಬೆಯ ಆಚೆ ಮಗ್ಗುಲಿಗೆ ಜಾರಿಕೊಳ್ಳುತ್ತದೆ. ಈ ನಡಿಗೆ ಒಮ್ಮೆ ಕಣ್ಣಿಗೆ ಹತ್ತಿದರೆ ಸಾಕು, ಮೂರಡಿ ದೂರದಿಂದಲೇ ಗೊತ್ತಾಗುತ್ತದೆ.

ಹುಡುಕಲು ದೂರ ಹೋಗಬೇಕಿಲ್ಲ. ಒಣಗಿ ಜೋತುಬಿದ್ದ ಬಾಳೆ ಎಲೆ, ತೆಂಗಿನ ಗರಿ, ಅಡಿಕೆ ಸೋಗೆಯ ಕೆಳಗೆ ಬಿಳಿ ಪಂಚೆ ಹರಡಿ, ಕೋಲಿನಿಂದ ನಾಲ್ಕು ಸಲ ತಟ್ಟಿ. ಬಿದ್ದದ್ದರಲ್ಲಿ ಜೇಡ, ಇರುವೆ ಎಲ್ಲ ಇರುತ್ತವೆ. ಆ ಗಕ್ಕನೆ ನಿಲ್ಲುವ ಓಟ ಹುಡುಕಿ. ಬೆರಳಲ್ಲಿ ಹಿಡಿಯಬೇಡಿ, ನುರಿದುಹೋಗುತ್ತದೆ. ಚಿತ್ರ ಬಿಡಿಸುವ ಸಣ್ಣ ಕುಂಚದ ತುದಿ ಒದ್ದೆ ಮಾಡಿ ಮುಟ್ಟಿಸಿದರೆ ಅಂಟಿಕೊಂಡು ಬರುತ್ತದೆ. ಇದನ್ನೆಲ್ಲ ನಿಮ್ಮ ತೋಟ, ಹಿತ್ತಲು, ಬೀದಿ ಮರದಲ್ಲಿ ಮಾಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಒಂದು ಹುಳವನ್ನೂ ಹಿಡಿಯುವ ಹಾಗಿಲ್ಲ.

ಸಿಕ್ಕಿದ ಜಾಗವೇ ಅರ್ಧ ಗುರುತು ಹೇಳುತ್ತದೆ. ಒಣಗಿದ ಎಲೆಯಲ್ಲಿ ಎಕ್ಟೋಪ್ಸೋಸಿಡೇ ಕುಟುಂಬದವು ಜಾಸ್ತಿ. ಹಸಿರು ಎಲೆಯ ಮೇಲೆ ಸಿಸಿಲಿಯುಸಿಡೇ. ಪಾಚಿ, ಕಲ್ಲುಹೂವು ಹಿಡಿದ ತೊಗಟೆಯ ಮೇಲೆ ದೊಡ್ಡ ಮೈಯ ಸೋಸಿಡೇ. ಕಲ್ಲುಹೂವು ಅಂದರೆ ನಾವು ಮಸಾಲೆಗೆ ಹಾಕುವ ಅದೇ ಒಣಗಿದ ಬೂದು ಚಕ್ಕೆಯ ಬಳಗ. ಅದು ಹೂವಲ್ಲ, ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವ. ಸೋಸಿಡೇಗಳಿಗೆ ಅದು ಹುಲ್ಲುಗಾವಲು. ಇನ್ನು ಸಣ್ಣ ಪತಂಗದ ಹಾಗೆ ರೆಕ್ಕೆ ಮೇಲೆ ಪುಡಿ ಪುಡಿ ಹುರುಪೆ, ಚೂಪು ರೆಕ್ಕೆತುದಿ ಕಂಡರೆ ಅದು ಲೆಪಿಡಾಪ್ಸೋಸಿಡೇ. ನಾನು ಮೊದಮೊದಲು ಅದನ್ನು ಪತಂಗ ಅಂತಲೇ ಬರೆದುಕೊಂಡಿದ್ದೆ.

ಕುಟುಂಬ ಖಾತ್ರಿ ಮಾಡಿಕೊಳ್ಳಲು ಎರಡು ಜಾಗ ನೋಡಬೇಕು. ಒಂದು ಮುಂದಿನ ರೆಕ್ಕೆ. ಅದರ ಹಿಂದಿನ ಅಂಚಿನಲ್ಲಿ, ತುದಿಗೆ ಸ್ವಲ್ಪ ಹತ್ತಿರ, ನರವೊಂದು ಬಾಗಿ ಸಣ್ಣ ಕಮಾನಿನ ಕಿಟಕಿ ಕಟ್ಟುತ್ತದೆ. ಇದಕ್ಕೆ ಅರಿಯೋಲಾ ಪೋಸ್ಟಿಕಾ ಅನ್ನುತ್ತಾರೆ. ನಾನು ಇಲ್ಲಿ ಕಿಟಕಿ ಅಂತಲೇ ಕರೆಯುತ್ತೇನೆ. ಕಿಟಕಿಯ ನೆತ್ತಿ ರೆಕ್ಕೆಯ ನಡುವಿನ ನರಕ್ಕೆ ಅಂಟಿಕೊಂಡಿದ್ದರೆ ಸೋಸಿಡೇ ಇರಬಹುದು. ಅಂಟದೆ ಬಿಡಿಯಾಗಿ ನಿಂತಿದ್ದರೆ ಸಿಸಿಲಿಯುಸಿಡೇ ಮತ್ತು ಇನ್ನೂ ಕೆಲವು ಕುಟುಂಬಗಳ ಕಡೆ ಹೋಗಬೇಕು. ಕಿಟಕಿಯೇ ಇಲ್ಲದಿದ್ದರೆ ಎಕ್ಟೋಪ್ಸೋಸಿಡೇ ಅಥವಾ ಪೆರಿಪ್ಸೋಸಿಡೇ.

ಇನ್ನೊಂದು ಪಾದ. ಪಾದದಲ್ಲಿ ಎಷ್ಟು ತುಂಡು ಇವೆ, ಎರಡೋ ಮೂರೋ? ಸೋಸಿಡೇಗೆ ಎರಡು. ಅದೇ ತರಹದ ಕಿಟಕಿ ಇದ್ದು ರೆಕ್ಕೆ ತುಂಬಾ ಚುಕ್ಕೆ ಚುಕ್ಕೆ ಇರುವ ಮಯೋಪ್ಸೋಸಿಡೇಗೆ ಮೂರು. ಮೀಸೆಯ ಗಂಟುಗಳೂ ನೆರವಿಗೆ ಬರುತ್ತವೆ. ಮರದ ಮೇಲಿನ ಹೆಚ್ಚಿನ ಕುಟುಂಬಗಳು ಸೇರುವ ಸೋಕೋಮಾರ್ಫಾ ಉಪಗಣದಲ್ಲಿ 13 ಗಂಟು. ಟ್ರೋಜಿಯೋಮಾರ್ಫಾ ಅನ್ನುವ ಹಳೆ ಕವಲಿನಲ್ಲಿ 20ಕ್ಕೂ ಜಾಸ್ತಿ.

ಈಗ ತೊಡಕು ಎಲ್ಲಿದೆ ನೋಡಿ. ನಾನು ಹೇಳಿದ ಗುರುತುಗಳೆಲ್ಲ ಬೆಳೆದ ಹುಳದವು. ಮರಿಗೆ ರೆಕ್ಕೆ ಇಲ್ಲ, ಕಿಟಕಿ ಇಲ್ಲ. ಪಾದದಲ್ಲಿ ಎಲ್ಲ ಮರಿಗಳಿಗೂ ಎರಡೇ ತುಂಡು, ದೊಡ್ಡದಾದ ಮೇಲೆ ಮೂರು ಆಗುವ ಜಾತಿಯಾದರೂ ಸರಿ. ನಮ್ಮ ಹಲಸಿನ ಮರದ ಮಂದೆಯಲ್ಲಿ ಅವತ್ತು ಇದ್ದದ್ದು ಬರೀ ಮರಿಗಳು. ನೂರಾರು ಫೋಟೋ ತೆಗೆದರೂ ಹೆಸರು ಸಿಗುವುದಿಲ್ಲ.

ಬೆಳೆದವುಗಳಲ್ಲೂ ಮೋಸ ಇದೆ. ಒಂದೇ ಜಾತಿಯಲ್ಲಿ ಉದ್ದ ರೆಕ್ಕೆಯವೂ ಗಿಡ್ಡ ರೆಕ್ಕೆಯವೂ ಇರಬಹುದು. ಮೆಸೋಪ್ಸೋಕಸ್ ಅನ್ನುವ ತೊಗಟೆ ಹೇನಿನ ಕೆಲವು ಜಾತಿಗಳಲ್ಲಿ ಗಂಡಿಗೆ ಪೂರ್ತಿ ರೆಕ್ಕೆ, ಹೆಣ್ಣು ಬೋಳು. ಬೇರೆ ಬೇರೆ ಸಿಕ್ಕರೆ ಎರಡು ಜಾತಿ ಅಂತಲೇ ಬರೆದುಕೊಳ್ಳುತ್ತೇವೆ. ಒಂದೇ ಮೊಟ್ಟೆ ಗುಂಪಿನಿಂದ ಎರಡೂ ಹೊರಬಂದದ್ದನ್ನು ಕಣ್ಣಾರೆ ಕಂಡವರಿಗೆ ಮಾತ್ರ ಇವು ಗಂಡ ಹೆಂಡತಿ ಅಂತ ಗೊತ್ತಾಗುತ್ತದೆ. ಅದಕ್ಕೇ ನಾನು ಹೇಳುವುದು, ಈ ಹವ್ಯಾಸದಲ್ಲಿ ಗುರುತಿಸುವುದು ಬೇರೆ, ಸಾಕುವುದು ಬೇರೆ ಅಲ್ಲ. ಮರಿ ತಂದು ಸಾಕಿ, ಅದು ರೆಕ್ಕೆ ಬಿಚ್ಚುವ ತನಕ ಕಾಯಬೇಕು.

ಗಾಳಿಯಿಂದ ನೀರು ಕುಡಿಯುವ ಜೀವ

ಮೊದಲ ಸಲ ನಾನು ಹನ್ನೆರಡು ಮರಿಗಳನ್ನು ಒಂದು ಗಾಜಿನ ಶೀಶೆಯಲ್ಲಿ ಹಾಕಿ, ಪಾಚಿ ಹಿಡಿದ ತೊಗಟೆ ಚೂರು ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ ಬೆಂಗಳೂರಿನ ಮನೆಗೆ ತಂದೆ. ಊಟ ಬೇಕಾದಷ್ಟಿತ್ತು. ಎರಡನೇ ದಿನ ಬೆಳಿಗ್ಗೆ ಏಳು ಸತ್ತಿದ್ದವು. ಸಂಜೆಗೆ ಎಲ್ಲ ಹೋಗಿದ್ದವು. ಹೊಟ್ಟೆ ಸುಕ್ಕುಗಟ್ಟಿ ಚಪ್ಪಟೆಯಾಗಿತ್ತು. ತುಂಬಾ ಬೇಜಾರಾಯಿತು.

ಎರಡನೇ ಸಲ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಂದು ಒಳಗೆ ಒದ್ದೆ ಹತ್ತಿ ಇಟ್ಟೆ. ಮೂರು ದಿನ ಚೆನ್ನಾಗಿದ್ದವು. ನಾಲ್ಕನೇ ದಿನ ಡಬ್ಬಿಯ ಗೋಡೆಯಲ್ಲಿ ನೀರು ಹನಿಗಟ್ಟಿತ್ತು. ಎರಡು ಮರಿಗಳು ಹನಿಗೆ ಮೈ ಅಂಟಿ ಬಿಡಿಸಿಕೊಳ್ಳಲಾಗದೆ ಸತ್ತಿದ್ದವು. ವಾರ ಕಳೆಯುವಷ್ಟರಲ್ಲಿ ತೊಗಟೆಯ ಮೇಲೆ ಬಿಳಿ ಬೂಸ್ಟು ಹತ್ತಿಯ ಹಾಗೆ ಎದ್ದಿತು. ಬೂಸ್ಟು ತಿನ್ನುವ ಹುಳ ಬೂಸ್ಟಿನಲ್ಲಿ ಸಾಯುತ್ತದಾ ಅಂತ ನೀವು ಕೇಳಬಹುದು. ತೆಳುವಾಗಿ ಹಬ್ಬಿದ ಬೂಸ್ಟು ಅದಕ್ಕೆ ಊಟ. ಮಿತಿ ಮೀರಿ ಬೆಳೆದರೆ ಎಳೆಗಳು ಮರಿಯ ಕಾಲಿಗೆ, ಮೈಗೆ ಸುತ್ತಿಕೊಳ್ಳುತ್ತವೆ. ಮೊಟ್ಟೆಗಳೂ ಹಾಳಾಗುತ್ತವೆ.

ಒಣಗಿದರೂ ಸಾವು, ಒದ್ದೆಯಾದರೂ ಸಾವು. ಹಾಗಾದರೆ ಮರದ ಮೇಲೆ ಹೇಗೆ ಬದುಕುತ್ತವೆ? ಉತ್ತರ ಆ ಉಬ್ಬಿದ ಮುಖದಲ್ಲಿದೆ.

ತೊಗಟೆ ಹೇನು ಗಾಳಿಯಲ್ಲಿರುವ ತೇವವನ್ನು ನೇರವಾಗಿ ಬಾಯಿಂದ ಹೀರಿಕೊಳ್ಳಬಲ್ಲದು. ಅದರ ನಾಲಿಗೆಯಂಥ ಭಾಗದಲ್ಲಿ ಎರಡು ಪುಟ್ಟ ಮೊಟ್ಟೆಯಾಕಾರದ ಗಟ್ಟಿ ಉಬ್ಬುಗಳಿವೆ. ಬಾಯಾರಿದಾಗ ಅವನ್ನು ಹೊರಗೆ ಚಾಚುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪಿನ ಮೇಲೆ ನೀರು ಕೂರುವುದಿಲ್ಲವೇ, ಹಾಗೆ ಅವುಗಳ ಮೇಲಿನ ದ್ರವ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ನೀರು ಕೂದಲಿಗಿಂತ ತೆಳುವಾದ ಕೊಳವೆಗಳಲ್ಲಿ ಹರಿದು ಬಾಯೊಳಗೆ ಬರುತ್ತದೆ. ಬಾಯೊಳಗೆ ಒಂದು ಸಣ್ಣ ಒರಳು, ಅದಕ್ಕೆ ತಕ್ಕ ಗುಂಡು. ಇವೆರಡೂ ಸೇರಿ ಪಂಪಿನ ಹಾಗೆ ನೀರನ್ನು ಎಳೆಯುತ್ತವೆ. ಈ ಪಂಪನ್ನು ಎಳೆಯುವ ಮಾಂಸಖಂಡಗಳಿಗೆ ಜಾಗ ಬೇಕಲ್ಲ? ಅದೇ ಆ ಉಬ್ಬು. ಕೋಳಿಯ ಹೇನಿನ ಬಳಗದಲ್ಲೂ ಈ ಏರ್ಪಾಡು ಉಳಿದುಕೊಂಡಿದೆ. ನೆಂಟಸ್ತಿಕೆಗೆ ಇದೂ ಒಂದು ಸಾಕ್ಷಿ.

ಆದರೆ ಈ ಪಂಪು ಕೆಲಸ ಮಾಡಲು ಗಾಳಿಯಲ್ಲಿ ಇಷ್ಟಾದರೂ ತೇವ ಇರಬೇಕು ಅನ್ನುವ ಗೆರೆ ಇದೆ. ಜಾತಿಯಿಂದ ಜಾತಿಗೆ ಅದು ಬದಲಾಗುತ್ತದೆ. ಪುಸ್ತಕ ಹೇನಿಗೆ ಸುಮಾರು ಶೇಕಡಾ 60. ಅದರ ಕೆಳಗೆ ಇಳಿದರೆ ಮೈಯ ನೀರು ಹೋಗುತ್ತದೆ, ವಾಪಸ್ ಬರುವುದಿಲ್ಲ. ರವೆ ಡಬ್ಬಿಯ ನುಸಿ ಮಳೆಗಾಲದಲ್ಲಿ ಕಾಣಿಸಿಕೊಂಡು ಮಾರ್ಚಿನಲ್ಲಿ ಮಾಯವಾಗುವುದು ಇದಕ್ಕೇ. ಬೇಸಿಗೆಯ ಮಧ್ಯಾಹ್ನ ಬೆಂಗಳೂರಿನ ಗಾಳಿಯ ತೇವ 40ಕ್ಕಿಂತ ಕೆಳಗೆ ಇಳಿಯುತ್ತದೆ. ನನ್ನ ಮೊದಲ ಹನ್ನೆರಡು ಮರಿಗಳು ಊಟ ಮುಂದಿದ್ದೂ ಬಾಯಾರಿ ಸತ್ತಿದ್ದವು.

ಅಂದಮೇಲೆ ಬೇಕಾದದ್ದು ಒದ್ದೆ ನೆಲವಲ್ಲ, ತೇವದ ಗಾಳಿ. ಇದಕ್ಕೆ ಅಡುಗೆಮನೆಯಲ್ಲೇ ಮದ್ದಿದೆ. ಒಂದು ಸಣ್ಣ ಬಟ್ಟಲಲ್ಲಿ ನೀರಿಗೆ ಉಪ್ಪು ಹಾಕುತ್ತಾ ಹೋಗಿ, ಇನ್ನು ಕರಗುವುದಿಲ್ಲ ಅಂತ ತಳದಲ್ಲಿ ಉಪ್ಪು ನಿಲ್ಲುವ ತನಕ. ಈ ಬಟ್ಟಲನ್ನು ಗಟ್ಟಿ ಮುಚ್ಚಳದ ದೊಡ್ಡ ಡಬ್ಬಿಯೊಳಗೆ ಇಡಿ. ಮುಚ್ಚಿದ ಡಬ್ಬಿಯ ಗಾಳಿ ತಾನಾಗಿಯೇ ಶೇಕಡಾ 75ರ ಹತ್ತಿರ ತೇವಕ್ಕೆ ಬಂದು ನಿಲ್ಲುತ್ತದೆ. ಜಾಸ್ತಿಯಾದರೆ ಉಪ್ಪುನೀರು ಹೀರಿಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ತಳದಲ್ಲಿ ಕರಗದ ಉಪ್ಪು ಕಾಣುತ್ತಿರಬೇಕು, ಅಷ್ಟೇ. 75 ಅಂದರೆ ತುಂಬಾ ಅನುಕೂಲದ ಅಳತೆ. ಹುಳಕ್ಕೆ ಬಾಯಾರಿಕೆ ಆಗುವುದಿಲ್ಲ, ಬೂಸ್ಟು ಹುಚ್ಚೆದ್ದು ಬೆಳೆಯುವುದಿಲ್ಲ, ಗೋಡೆಯಲ್ಲಿ ಹನಿ ಕೂರುವುದಿಲ್ಲ. ಒಳಗೆ ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಟ್ಟು ನೋಡಿಕೊಂಡರೆ ಧೈರ್ಯ.

ಈ ದೊಡ್ಡ ಡಬ್ಬಿಯೊಳಗೆ ಮರಿಗಳ ಶೀಶೆಗಳನ್ನು ಇಡುವುದು. ನಾನು ಬಳಸುವುದು ಹೋಮಿಯೋಪಥಿ ಗುಳಿಗೆ ಬರುವ ಗಾಜಿನ ಶೀಶೆಗಳಲ್ಲಿ ಸ್ವಲ್ಪ ದೊಡ್ಡವು. ಒಳಗಿರುವುದು ಚೆನ್ನಾಗಿ ಕಾಣುತ್ತದೆ. ಬಾಯಿಗೆ ಹಳೆ ಪಂಚೆಯ ಬಟ್ಟೆ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಸೊಳ್ಳೆಪರದೆ ಬಟ್ಟೆ ಸಾಲದು. ಆಗ ತಾನೇ ಹುಟ್ಟಿದ ಮರಿ ಅದರ ಕಣ್ಣಿನಲ್ಲಿ ಆರಾಮಾಗಿ ನುಸುಳುತ್ತದೆ. ಮಲೆನಾಡಿನ ಒದ್ದೆ ತೊಗಟೆಯಿಂದ ತಂದವಕ್ಕೆ 75 ಸಾಲುತ್ತಿಲ್ಲ ಅನ್ನಿಸಿದರೆ ಶೀಶೆಯ ತಳಕ್ಕೆ ಒಂದು ಬೆರಳಿನಷ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಗಟ್ಟಿ ಮಾಡಿ. ಸ್ವಲ್ಪ ಇದ್ದಿಲು ಪುಡಿ ಬೆರೆಸಿದರೆ ಕಪ್ಪು ನೆಲದ ಮೇಲೆ ಬಿಳಿ ಮರಿಗಳು ಎದ್ದು ಕಾಣುತ್ತವೆ. ವಾರಕ್ಕೆ ಎರಡು ಹನಿ ನೀರು ಆ ನೆಲಕ್ಕೆ ಬಿಟ್ಟರೆ ಅದು ಹೀರಿಕೊಂಡು ನಿಧಾನಕ್ಕೆ ತೇವ ಬಿಡುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬೇಡಿ. ಹತ್ತು ನಿಮಿಷದ ಬಿಸಿಲು ಸಾಕು, ಶೀಶೆಯಲ್ಲಿರುವುದೆಲ್ಲ ಬೆಂದುಹೋಗುತ್ತದೆ.

ಊಟದ ವಿಷಯ ಸುಲಭ. ಯಾವ ಮರದಲ್ಲಿ ಸಿಕ್ಕಿತೋ ಅದೇ ಮರದ ಹಸಿರು ಪಾಚಿಯ ತೊಗಟೆ ಚೂರು ವಾರಕ್ಕೊಮ್ಮೆ. ತೊಗಟೆಯ ಜೊತೆ ಸಣ್ಣ ಜೇಡ, ಜೇಡದ ಬಳಗದ ಚುಕ್ಕಿಯಷ್ಟೇ ಇರುವ, ಬೇಟೆಯಾಡುವ ಮೈಟ್‌ಗಳು ಬರುತ್ತವೆ, ಒಂದೇ ರಾತ್ರಿಯಲ್ಲಿ ಶೀಶೆ ಖಾಲಿ ಮಾಡುತ್ತವೆ. ಅದಕ್ಕೇ ತೊಗಟೆಯನ್ನು ಮೊದಲು ಒಂದೆರಡು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಕೋಣೆಯ ಶಾಖಕ್ಕೆ ತಂದು ಹಾಕುತ್ತೇನೆ. ಒಣ ಎಲೆಯಲ್ಲಿ ಸಿಕ್ಕವಕ್ಕೆ ಅದೇ ಎಲೆ ಚೂರು, ಜೊತೆಗೆ ಸೂಜಿ ಮೊನೆಯಷ್ಟು ಬೇಕರಿಯ ಒಣ ಯೀಸ್ಟ್. ಯೀಸ್ಟ್ ಜಾಸ್ತಿ ಹಾಕಿದರೆ ಅದನ್ನು ತಿನ್ನುವ ಬೇರೆ ಮೈಟ್‌ಗಳಿಗೆ ಹಬ್ಬ.

ಕೈ ಪಳಗಿಸಿಕೊಳ್ಳಬೇಕು ಅನ್ನುವವರು ಮೊದಲು ರವೆ ಡಬ್ಬಿಯ ಪುಸ್ತಕ ಹೇನನ್ನೇ ಸಾಕಿ. ಅದರ ಒಂದು ಸಾಮಾನ್ಯ ಜಾತಿ ಲಿಪೋಸ್ಕೆಲಿಸ್ ಬಾಸ್ಟ್ರಿಕೋಫಿಲಾ. 1 ಮಿಲಿಮೀಟರ್ ಉದ್ದ, ಚಪ್ಪಟೆ ಮೈ, ರೆಕ್ಕೆ ಇಲ್ಲ, ಹಿಂದಿನ ತೊಡೆ ದಪ್ಪ. ಇದರಲ್ಲಿ ಹೆಣ್ಣುಗಳು ಗಂಡಿಲ್ಲದೆ ಮರಿ ಮಾಡುತ್ತವೆ. ಒಂದೇ ಹುಳದಿಂದ ಸಂಸಾರ ಶುರುವಾಗುತ್ತದೆ. ಗೋಧಿ ರವೆ, ಚಿಟಿಕೆ ಯೀಸ್ಟ್, ಉಪ್ಪುನೀರಿನ ಡಬ್ಬಿ, ಇಷ್ಟು ಸಾಕು. ಹುಳ ತಪ್ಪಿಸಿಕೊಂಡು ಹೋಗದ ಹಾಗೆ ಸೋಪುನೀರು ತುಂಬಿದ ತಟ್ಟೆಯ ನಡುವೆ ಡಬ್ಬಿ ಇಡಿ. ಅಡುಗೆಮನೆಯಿಂದ ದೂರ ಇಡಿ.

ಶೀಶೆಯೊಳಗೆ ನೋಡುತ್ತಾ

ಮೇಯುವುದನ್ನು ಹತ್ತಿರದಿಂದ ನೋಡುವುದೇ ಒಂದು ಸುಖ. ಇದರ ಬಾಯಲ್ಲಿ ದವಡೆಯ ಜೊತೆಗೆ ಲ್ಯಾಸಿನಿಯಾ ಅನ್ನುವ ಎರಡು ಕಡ್ಡಿಗಳಿವೆ, ತುದಿ ಉಳಿಯ ಹಾಗೆ ಕವಲೊಡೆದಿರುತ್ತದೆ. ಅದನ್ನು ತೊಗಟೆಗೆ ಊರಿ ತಲೆಯನ್ನು ಭದ್ರ ಮಾಡಿಕೊಂಡು, ದವಡೆಯಿಂದ ಪಾಚಿ ಕೆರೆಯುತ್ತದೆ. ತೆಂಗಿನಕಾಯಿ ತುರಿಯುವಾಗ ಈಳಿಗೆ ಮಣೆಯನ್ನು ಕಾಲಿನಿಂದ ಅದುಮಿ ಹಿಡಿಯುತ್ತೇವಲ್ಲ, ಹಾಗೆ. ತಲೆ ಮುಂದೆ ಹಿಂದೆ ಆಡುತ್ತದೆ. ಮೇದ ಜಾಗದಲ್ಲಿ ಹಸಿರು ಹೋಗಿ ತೊಗಟೆಯ ಕಂದು ಬಣ್ಣ ಕಾಣುತ್ತದೆ.

ತೊಗಟೆ ಹೇನು ನೂಲನ್ನೂ ಬಿಡುತ್ತದೆ, ಹಿಂದಿನಿಂದಲ್ಲ, ತುಟಿಯಿಂದ. ಬೆಳೆದ ಮೇಲೂ ಈ ಕಸುಬು ಬಿಡುವುದಿಲ್ಲ. ಕೆಲವು ಮೊಟ್ಟೆಯ ಮೇಲೆ ನಾಲ್ಕು ಎಳೆ ಹಾಸುತ್ತವೆ, ಕೆಲವು ಎಲೆಯ ತಗ್ಗಿನಲ್ಲಿ ಚಪ್ಪರ ಕಟ್ಟಿ ಕೆಳಗೆ ಬಾಳುತ್ತವೆ. ಅಮೆರಿಕದ ಫ್ಲಾರಿಡಾ ಕಡೆಯ ಆರ್ಕಿಪ್ಸೋಕಸ್ ನೋಮಾಸ್ ಮರದ ಕಾಂಡ, ಕೊಂಬೆಗಳನ್ನೆಲ್ಲ ಬಿಳಿ ಬಲೆಯಿಂದ ಮುಚ್ಚಿಬಿಡುತ್ತದೆ. ಜನ ಹೆದರುತ್ತಾರೆ. ಮರಕ್ಕೆ ಏನೂ ಆಗುವುದಿಲ್ಲ.

ಮೊಟ್ಟೆ ಇಟ್ಟ ಹೆಣ್ಣನ್ನು ಬೇರೆ ಶೀಶೆಗೆ ತೆಗೆಯುವುದು ಒಳ್ಳೆಯದು. ಕಿಕ್ಕಿರಿದಾಗ ಮೊಟ್ಟೆ ತಿಂದುಬಿಡುವುದುಂಟು. ಮೊಟ್ಟೆ ಒಡೆಯುವ ಗಳಿಗೆ ಸಿಕ್ಕಿದರೆ ಬಿಡಬೇಡಿ. ಮರಿಯ ಹಣೆಯ ಮೇಲಿನ ಪೊರೆಯಲ್ಲಿ ಗರಗಸದಂಥ ಒಂದು ಏಣು ಇರುತ್ತದೆ. ಒಳಗಿಂದ ಗಾಳಿ ನುಂಗಿ ಉಬ್ಬುತ್ತಾ, ಆ ಗರಗಸವನ್ನು ಚಿಪ್ಪಿಗೆ ಒತ್ತಿ ಸೀಳಿಕೊಂಡು ಬರುತ್ತದೆ. ಬಂದ ಕೂಡಲೇ ಆ ಮೊದಲ ಪೊರೆಯನ್ನು ಗರಗಸದ ಸಮೇತ ಕಳಚಿ ಚಿಪ್ಪಿನ ಬಾಯಲ್ಲೇ ಬಿಡುತ್ತದೆ.

ಕೆಲವು ಸಲ ಮೊಟ್ಟೆಯಿಂದ ಬೇರೆಯೇ ಜೀವ ಬರುತ್ತದೆ. ಮೈಮರಿಡೇ ಕುಟುಂಬದ ಸಣ್ಣ ಕಣಜಗಳು ತೊಗಟೆ ಹೇನಿನ ಮೊಟ್ಟೆಯೊಳಗೆ ಮೊಟ್ಟೆ ಇಡುತ್ತವೆ. ಜಗತ್ತಿನ ಅತಿ ಸಣ್ಣ ಕೀಟ ಸಿಕ್ಕಿದ್ದೂ ಹೀಗೆಯೇ. ಡೈಕೋಪೊಮಾರ್ಫಾ ಎಕ್ಮೆಪ್ಟೆರಿಗಿಸ್ ಅನ್ನುವ ಕಣಜದ ಗಂಡು ಬರೀ 0.139 ಮಿಲಿಮೀಟರ್. ಅದಕ್ಕೆ ರೆಕ್ಕೆ ಇಲ್ಲ, ಕಣ್ಣೂ ಇಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಹುರುಪೆ ರೆಕ್ಕೆಯ ಒಂದು ತೊಗಟೆ ಹೇನಿನ ಮೊಟ್ಟೆಗಳಿಂದ ಅದು ಸಿಕ್ಕಿತು. 1997ರಲ್ಲಿ ಅದಕ್ಕೆ ಹೆಸರಿಟ್ಟವರು ಎಡ್ವರ್ಡ್ ಮಾಕ್‌ಫೋರ್ಡ್, ಜೀವಮಾನವಿಡೀ ತೊಗಟೆ ಹೇನನ್ನೇ ಓದಿದವರು. ಹಾಗಾಗಿ ಮೊಟ್ಟೆ ಕಪ್ಪಾಯಿತು, ಹಾಳಾಯಿತು ಅಂತ ಎಸೆಯಬೇಡಿ. ಕಾದು ನೋಡಿ.

ಹುಟ್ಟಿದ ಮರಿ ಹೆಚ್ಚಾಗಿ ಆರು ಹಂತ ದಾಟುತ್ತದೆ, ಕೆಲವು ಜಾತಿಗಳಲ್ಲಿ ಕಡಿಮೆ. ನಡುವೆ ಗೂಡು ಕಟ್ಟಿ ಮಲಗುವ ಹಂತ ಇಲ್ಲ. ಪ್ರತಿ ಸಲ ಪೊರೆ ಕಳಚಿದಾಗ ಬೆನ್ನ ಮೇಲಿನ ರೆಕ್ಕೆಮೊಗ್ಗು ಸ್ವಲ್ಪ ದೊಡ್ಡದಾಗುತ್ತದೆ. ಪ್ರತಿ ಶೀಶೆಗೂ ಚೀಟಿ ಅಂಟಿಸಿ ಊರು, ತಾರೀಕು, ಯಾವ ಮರ, ಎಷ್ಟು ಎತ್ತರದಲ್ಲಿ ಅಂತ ಬರೆಯಿರಿ. ಪೊರೆ ಕಂಡ ದಿನಗಳನ್ನೂ ಬರೆಯಿರಿ. ನಮ್ಮ ಮಲೆನಾಡಿನ ತೊಗಟೆ ಹೇನುಗಳ ಜೀವನ ದಿನಗಟ್ಟಲೆ ಕೂತು ನೋಡಿದವರು ತುಂಬಾ ಕಡಿಮೆ. ನಿಮ್ಮ ನೋಟ್‌ಬುಕ್ಕಿನ ಪುಟಕ್ಕೆ ನಿಜವಾದ ಬೆಲೆ ಇದೆ.

ಕುಟುಂಬದ ತನಕ ರೆಕ್ಕೆ ತಲುಪಿಸುತ್ತದೆ. ಜಾತಿಯ ಹೆಸರು ಖಚಿತವಾಗಲು ಹೆಚ್ಚಿನ ಸಲ ಹೊಟ್ಟೆಯ ತುದಿಯ ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅಲ್ಲಿ ಎಂಥ ಅಚ್ಚರಿ ಅಡಗಿರಬಹುದು ಅನ್ನುವುದಕ್ಕೆ ಬ್ರೆಜಿಲ್‌ನ ಗುಹೆಗಳಲ್ಲಿರುವ ಇದೇ ಬಳಗದ ನಿಯೋಟ್ರೋಗ್ಲಾ ಅನ್ನುವ ಕೀಟ ಇದೆ. ಅದರಲ್ಲಿ ಒಳಸೇರಿಸುವ ಅಂಗ ಇರುವುದು ಹೆಣ್ಣಿಗೆ. ಕೂಡುವಿಕೆ 40ರಿಂದ 70 ಗಂಟೆ ನಡೆಯುತ್ತದೆ. ಜಪಾನ್, ಬ್ರೆಜಿಲ್, ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಇದನ್ನು 2014ರಲ್ಲಿ ಪ್ರಕಟಿಸಿದರು. ನಮ್ಮಂಥ ಹವ್ಯಾಸಿಗಳು ಮಾಡಬೇಕಾದದ್ದು ಇಷ್ಟು: ಜೀವ ಇರುವಾಗಲೇ ಬಣ್ಣದ ಫೋಟೋ ತೆಗೆಯುವುದು, ಆಮೇಲೆ ಬೇಕಾದರೆ ಒಂದೆರಡನ್ನು ಶೇಕಡಾ 70ರಿಂದ 80ರ ಆಲ್ಕೋಹಾಲಿನಲ್ಲಿ ಇಡುವುದು. ಚಿಟ್ಟೆಯ ಹಾಗೆ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಮುದುಡಿಹೋಗುತ್ತದೆ. ಆಲ್ಕೋಹಾಲಿನಲ್ಲಿ ಬಣ್ಣ ಮಾಸುತ್ತದೆ, ಆಕಾರ ಉಳಿಯುತ್ತದೆ. ಫೋಟೋ ಮೊದಲು ಬೇಕು ಅನ್ನುವುದು ಅದಕ್ಕೇ.

ಮೂರನೇ ಸಲ ನಾನು ಆರಾರು ಮರಿಗಳನ್ನು ಎರಡು ಶೀಶೆಗೆ ಹಾಕಿದೆ. ಒಂಟಿಯಾಗಿ ಇಡಲಿಲ್ಲ, ಮಂದೆಯ ಜೀವ ಅಲ್ವಾ. ಉಪ್ಪುನೀರಿನ ಡಬ್ಬಿ, ಹಲಸಿನ ತೊಗಟೆ. ಒಂದು ಹುಳ ಸತ್ತಿತು, ಹನ್ನೊಂದು ಉಳಿದವು. ಹತ್ತೊಂಬತ್ತನೇ ದಿನ ಬೆಳಿಗ್ಗೆ ಆರೂವರೆಗೆ ಶೀಶೆ ಎತ್ತಿ ನೋಡಿದಾಗ ಒಂದು ಮರಿಯ ಬೆನ್ನು ಸೀಳಿತ್ತು. ಹಾಲಿನಷ್ಟು ಬಿಳಿಯ ಹುಳ ಹೊರಗೆ ಬರುತ್ತಿತ್ತು. ರೆಕ್ಕೆಗಳು ಮುದುಡಿದ ಒದ್ದೆ ಕಾಗದದಂತಿದ್ದವು. ಕಾಫಿ ಕುಡಿದು ಬರುವಷ್ಟರಲ್ಲಿ ಅವು ಬಿಚ್ಚಿಕೊಂಡು ಮಾಡಿನ ಹಾಗೆ ಕೂತಿದ್ದವು. ನರಗಳು ಇನ್ನೂ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂದು ಬಣ್ಣ ಏರಿತು, ಒಂದೊಂದೇ ಗೆರೆ ಮೂಡಿತು. ಲೂಪ್ ಹಿಡಿದು ಹಿಂದಿನ ಅಂಚಿನ ಕಿಟಕಿ ಹುಡುಕಿದೆ. ಅದರ ನೆತ್ತಿ ನಡುವಿನ ನರಕ್ಕೆ ಅಂಟಿಕೊಂಡಿತ್ತು. ಪಾದದ ಫೋಟೋ ದೊಡ್ಡದು ಮಾಡಿ ಎಣಿಸಿದೆ. ಎರಡು ತುಂಡು. ಚೀಟಿಯ ಮೇಲೆ ಸೋಸಿಡೇ ಅಂತ ಬರೆದೆ.

ಉಳಿದವೂ ಆ ವಾರದಲ್ಲೇ ರೆಕ್ಕೆ ಬಿಚ್ಚಿದವು. ಎರಡನ್ನು ಇಟ್ಟುಕೊಂಡು ಒಂಬತ್ತನ್ನು ಊರಿಗೆ ತೆಗೆದುಕೊಂಡು ಹೋದೆ. ಹಲಸಿನ ಮರದ ಅದೇ ಜಾಗದಲ್ಲಿ ಶೀಶೆಯ ಬಟ್ಟೆ ಬಿಚ್ಚಿ ಬಾಯಿ ತಾಗಿಸಿ ಹಿಡಿದೆ. ಅಣ್ಣ ಬೇಲಿ ದಾಟಿ ಬಂದು ಪಕ್ಕದಲ್ಲಿ ನಿಂತರು. "ಎಲ್ಲಿ, ಆ ಕನ್ನಡಿ ಕೊಡು ನೋಡುವ" ಅಂದರು. ಕೊಟ್ಟೆ.